ಹೊರಸಿನಿಂದ ಬಾಗಿಲಿನ ತನಕ

1976ರ ಬೇಸಿಗೆಯಲ್ಲಿ ಆರೋಗ್ಯ ನಿರೀಕ್ಷಕರು ಇಂಡಿ ಪಟ್ಟಣದ ನಮ್ಮ ಓಣಿಯ ಅಜ್ಜಿಯೊಬ್ಬರ ಮನೆಯನ್ನು ತಪಾಸಣೆ ಮಾಡಿದರು. ಅಕ್ಕಪಕ್ಕದವರು ಅರ್ಜಿ ಕೊಟ್ಟಿದ್ದರು. ಅಜ್ಜಿ ಒಬ್ಬರೇ ಇದ್ದರು. ಮನೆ ತುಂಬ ಗೋಣಿಚೀಲ, ಹಳೆಯ ಕಾಗದ, ಡಬ್ಬಿಗಳು. ನಡುವೆ ಚಿಮಣಿ ದೀಪ. ಅಪಾಯವೆಂದು ನಿರೀಕ್ಷಕರು ಬರೆದರೆ ಅಜ್ಜಿ ಮನೆ ಬಿಡಬೇಕಿತ್ತು.

ಯಾವ ಮನೆಗೆ ಹೋದರೂ ನಿರೀಕ್ಷಕರು ಮೊದಲು ಹೊರಸಿನ ಮೇಲೆ, ಅಂದರೆ ಮಲಗುವ ಮಂಚದ ಮೇಲೆ, ಕೂತು ಕಣ್ಣು ಮುಚ್ಚುತ್ತಿದ್ದರು. "ಬೆಂಕಿ ಹತ್ತೇತಿ ಅನ್ಕೋರಿ" ಎಂದು ಎದ್ದು, ಕಣ್ಣು ತೆರೆಯದೆ ಬಾಗಿಲಿನತ್ತ ನಡೆಯುತ್ತಿದ್ದರು. ಇಲ್ಲಿ ನಾಲ್ಕನೇ ಹೆಜ್ಜೆಗೇ ಡಬ್ಬಿಗಳ ಮೇಲೆ ಬಿದ್ದರು.

"ನಿಮಗ ದಾರಿ ಗೊತ್ತಿಲ್ರಿ ಸಾಹೇಬ್ರ" ಎಂದು ಅಜ್ಜಿ ನಕ್ಕರು.

"ಹೊಗಿಯೊಳಗ ನಿಮಗೂ ಗೊತ್ತಾಗೂದಿಲ್ಲ ಆಯಿ. ಇಷ್ಟೆಲ್ಲಾ ಯಾಕ ಇಟ್ಟೀರಿ?"

"ಯಾರರ ಬೇಕಂತ ಬಂದ್ರ ಇಲ್ಲ ಅನ್ನಬಾರ್ದಲ್ರಿ."

ನಿರೀಕ್ಷಕರು ಮೊಣಕಾಲು ತಿಕ್ಕಿಕೊಂಡರು. "ಹಂಗಾರ ನನಗೊಂದು ಡಬ್ಬಿ ಬೇಕಾಗಿತ್ರಿ."

ಅಜ್ಜಿ ಒಂದನ್ನು ಸೆರಗಿನಿಂದ ಒರೆಸಿ ಕೊಟ್ಟರು.

ವರದಿಯಲ್ಲಿ ಅವರು "ಮರುತಪಾಸಣೆ ಅಗತ್ಯ" ಎಂದು ಬರೆದರು. ಆಮೇಲೆ ಪ್ರತಿ ಸೋಮವಾರ ಬಂದು, ಎರಡು ಚೀಲವನ್ನೋ ಒಂದು ಕಟ್ಟು ಕಾಗದವನ್ನೋ ಕೇಳಿ ಪಡೆದು, ಸೈಕಲ್ಲಿಗೆ ಕಟ್ಟಿಕೊಂಡು ಹೋಗುತ್ತಿದ್ದರು. ಅವನ್ನು ಏನು ಮಾಡುತ್ತಿದ್ದರೆಂದು ನಾನು ಕೇಳಲಿಲ್ಲ.

ದೀಪಾವಳಿಯ ಹೊತ್ತಿಗೆ ಅವರು ಕಣ್ಣು ಮುಚ್ಚಿಕೊಂಡು ಹೊರಸಿನಿಂದ ಬಾಗಿಲಿನ ತನಕ ಎಲ್ಲಿಯೂ ಎಡವದೆ ನಡೆದು ಬಂದರು. "ವಾಸಕ್ಕೆ ಅಡ್ಡಿಯಿಲ್ಲ" ಎಂದು ಬರೆದು ಕಡತ ಮುಗಿಸಿದರು. ಅದೇ ತಿಂಗಳು ಅವರಿಗೆ ಸಿಂದಗಿಗೆ ವರ್ಗವಾಯಿತು.

ಮುಂದಿನ ಸೋಮವಾರ ಅಜ್ಜಿ ಒಂದು ಡಬ್ಬಿಯನ್ನು ಒರೆಸಿ ಕಟ್ಟೆಯ ಮೇಲಿಟ್ಟರು. ನಾನು ಆ ಓಣಿ ಬಿಡುವಾಗ ಕಟ್ಟೆಯ ಮೇಲೆ ಒಂಬತ್ತು ಡಬ್ಬಿಗಳಿದ್ದವು.