ರಸ್ತೆಗಿಂತ ಕೆಳಗಿನ ಹೊಸ್ತಿಲು

ಮೊನ್ನೆ ಕೊರಟಗೆರೆಯಲ್ಲಿ ನಮ್ಮ ಮನೆ ಮುಂದಿನ ಅಡ್ಡರಸ್ತೆಗೆ ಕಾಂಕ್ರೀಟ್ ಹಾಕಿದರು. ಮಾರನೇ ದಿನ ಅದರ ಮೇಲೆ ಹುಲ್ಲು ಹರಡಿ ಪೈಪಿನಲ್ಲಿ ನೀರು ಬಿಟ್ಟಿದ್ದರು. ಹಾಲು ತರೋಣ ಅಂತ ಬಾಗಿಲು ತೆಗೆದೆ ನೋಡಿ, ನೆಂದ ಹುಲ್ಲು, ಹಸಿ ಸಿಮೆಂಟು ಎರಡೂ ಸೇರಿದ ಆ ವಾಸನೆ ಮೂಗಿಗೆ ಬಡಿಯಿತು. ಪಾತ್ರೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಬೇರೆಯವರಿಗೆ ಆ ವಾಸನೆಯಿಂದ ಹೊಸ ಮನೆಯೋ ಗೃಹಪ್ರವೇಶವೋ ನೆನಪಾಗಬಹುದು. ನನಗೆ ಎದುರುಮನೆ ಅಜ್ಜಿ ನೆನಪಾಗುತ್ತಾಳೆ. ನೆನಪಾದ ಕೂಡಲೇ ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸುತ್ತದೆ.

ನನ್ನ ತವರು ಮಿಡಿಗೇಶಿ ಕಡೆ ಒಂದು ಸಣ್ಣ ಹಳ್ಳಿ. ಅಜ್ಜಿ ನಮಗೇನೂ ನೆಂಟಳಲ್ಲ. ನಮ್ಮ ಬಾಗಿಲಿಗೆ ಅವಳ ಬಾಗಿಲು ಎದುರು, ಅಷ್ಟೇ. ಕುಳ್ಳಿ, ಕೆಂಪನೆಯ ಸೀರೆ ಉಡುತ್ತಿರಲಿಲ್ಲ, ಹಣೆಗೆ ಇಡುತ್ತಿರಲಿಲ್ಲ. ಚಿಕ್ಕ ವಯಸ್ಸಿಗೇ ಗಂಡ ಹೋಗಿದ್ದ. ಮಕ್ಕಳಿರಲಿಲ್ಲ. ಬಾಯಿ ಮಾತ್ರ ಅಬ್ಬಬ್ಬಾ! ಬೆಳಗಾಗೆದ್ದು ಅವಳು ಕೋಳಿ ಬೈಯುವುದು ಕೇಳಿ ಕೋಳಿ ಕೂಗುವ ಮುಂಚೆಯೇ ನಾವು ಏಳುತ್ತಿದ್ದೆವು. ಆದರೆ ಅಷ್ಟು ಬಾಯಿ ಇದ್ದವಳು ಊರಿನ ಮದುವೆ, ಸೀಮಂತ, ನಾಮಕರಣ ಅಂದರೆ ಬಾಯಿ ಮುಚ್ಚಿಕೊಂಡು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಾ ಕೂರುತ್ತಿದ್ದಳು. ಮುಂದಕ್ಕೆ ಬಾ ಅಂತ ಯಾರೂ ಕರೆಯುತ್ತಿರಲಿಲ್ಲ. ನಮ್ಮಮ್ಮನೂ ಕರೆಯಲಿಲ್ಲ.

ಇದು ಬದಲಾಗಿದ್ದು ಬೋರ್‌ವೆಲ್‌ನಿಂದ. ನಾನಾಗ ಹೈಸ್ಕೂಲು. ಊರಲ್ಲಿ ಎಲ್ಲೆಲ್ಲಿ ಕೊರೆಸಿದರೂ ಬರೀ ಬಿಳಿ ದೂಳು. ಸ್ಕೂಲಿನ ಹಿಂದೆ ಇನ್ನೊಂದು ಪಾಯಿಂಟ್ ಗುರುತು ಮಾಡಿ ಕೊರೆಯುವ ಲಾರಿ ತಂದು ನಿಲ್ಲಿಸಿದ್ದರು. ಪೂಜೆಗೆ ಬರಬೇಕಾಗಿದ್ದ ದೊಡ್ಡ ಮನುಷ್ಯರು ಬರಲೇ ಇಲ್ಲ. ಲಾರಿಯವರು ಹೊರಡ್ತೀವಿ ಅಂತ ಗಲಾಟೆ ಮಾಡುತ್ತಿದ್ದರು. ಪೂಜೆಯ ಕಾಯಿ ನೀನು ಒಡಿ, ನೀನು ಒಡಿ ಅಂತ ಗಂಡಸರು ಒಬ್ಬರನ್ನೊಬ್ಬರು ತಳ್ಳುತ್ತಿದ್ದರು. ಮತ್ತೆ ನೀರು ಬರದೇ ಹೋದರೆ ಆ ಅಪವಾದ ಯಾರಿಗೆ ಬೇಕು? ಖಾಲಿ ಬಿಂದಿಗೆ ಇಟ್ಟುಕೊಂಡು ನಿಂತಿದ್ದ ಅಜ್ಜಿಗೆ ರೇಗಿಹೋಯಿತು. “ತತ್ತಾರಲಾ ಇಲ್ಲಿ, ಕಾಯಿ ಒಡಿಯಕ್ಕೂ ಮೀಟಿಂಗಾ ನಿಮ್ದು!” ಅಂತ ಕಿತ್ತುಕೊಂಡು ಲಾರಿಯ ಕಬ್ಬಿಣಕ್ಕೇ ಫಟ್ಟಂತ ಒಡೆದುಬಿಟ್ಟಳು. ಎಲ್ಲರಿಗೂ ದಿಗಿಲು. ವಿಧವೆ ಕೈಯಲ್ಲಿ ಕಾಯಿ ಒಡೆಸಿದಿರಲ್ಲೋ ಅಂತ ಯಾರೋ ಗೊಣಗುತ್ತಿದ್ದರು. ಲಾರಿ ಕೊರೆಯತೊಡಗಿತು. ಸಂಜೆಯಾದರೂ ಆ ಗೊಣಗಾಟ ಮುಗಿದಿರಲಿಲ್ಲ, ಅಷ್ಟರಲ್ಲಿ ಕೆಸರು ಚಿಮ್ಮಿ, ಅದರ ಹಿಂದೆ ನೀರು ಬಂತು... ಹೆಂಗಸರೆಲ್ಲ ಅದರಲ್ಲೇ ನೆಂದೆವು.

ಅವತ್ತಿನಿಂದ ಅಜ್ಜಿದು ಕೈಗುಣದ ಕೈ ಆಯಿತು. ನೀರಿನ ಟ್ಯಾಂಕು, ಅಂಗನವಾಡಿ ಕಟ್ಟಡ, ಬಸ್‌ಸ್ಟಾಂಡು, ಊರಲ್ಲಿ ಏನೇ ಸರ್ಕಾರದ ಕೆಲಸ ಬರಲಿ, ಗುದ್ದಲಿಪೂಜೆಗೆ ಮೊದಲ ಕಾಯಿ ಅಜ್ಜಿಯೇ ಒಡೆಯಬೇಕು. ಶಾಸಕರು ಬಂದರೂ ಅಷ್ಟೇ, ಅಜ್ಜಿ ಒಡೆದ ಮೇಲೆ ಅವರು ಗುದ್ದಲಿ ಹಾಕಬೇಕು. ಪೂಜೆಯ ದಿನ ಅಜ್ಜಿ ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆಯುಟ್ಟು, ಬೆಳಿಗ್ಗೆಯಿಂದ ಒಂದು ಕೋಳಿಯನ್ನೂ ಬೈಯದೆ ಕಾಯುತ್ತಿದ್ದಳು. ಮದುವೆ ಹೆಣ್ಣು ರೆಡಿ ಆಗವ್ಳೆ ಅಂತ ನಾವು ರೇಗಿಸುತ್ತಿದ್ದೆವು. “ಹೋಗ್ರೇ, ಹಲ್ಲುದುರಿಸ್ತೀನಿ,” ಅನ್ನುತ್ತಿದ್ದಳು. ಒಳಗೊಳಗೇ ಎಷ್ಟು ಹಿಗ್ಗುತ್ತಿದ್ದಳೋ... ಈಗ ಗೊತ್ತಾಗುತ್ತದೆ.

ಇನ್ನು ನಮ್ಮ ಬೀದಿಯ ರಸ್ತೆಯ ಕಥೆ. ಆಗ ನಮ್ಮಪ್ಪ ಗ್ರಾಮ ಪಂಚಾಯ್ತಿ ಮೆಂಬರು. ಅವನ ಮೇಲೆ ದೂರು ಹೇಳುವವರು ಇರಲಿಲ್ಲ, ಈಗಲೂ ಇಲ್ಲ. ರಸ್ತೆ ತಂದೋನು ಅಂತಲೇ ಅವನ ಹೆಸರು. ಮೊದಲು ಮಣ್ಣಿನ ಬೀದಿಗೆ ಜಲ್ಲಿ ಸುರಿಸಿ ಟಾರು ಹಾಕಿಸಿದ. ಅದು ಕಿತ್ತುಹೋದಾಗ ಅದರ ಮೇಲೆ ಕಾಂಕ್ರೀಟು. ಅದು ಬಿರುಕು ಬಿಟ್ಟಾಗ ಅದರ ಮೇಲೆ ಇನ್ನೊಂದು ಕಾಂಕ್ರೀಟು. ನಮ್ಮ ಕಡೆ ಎಲ್ಲಾ ಊರಲ್ಲೂ ಹೀಗೇ ಮಾಡುವುದು. ಹಳೆಯದನ್ನು ಅಗೆದು ತೆಗೆಯುವ ಖರ್ಚು ಎಸ್ಟಿಮೇಟಿನಲ್ಲಿ ಬರೋದಿಲ್ಲ, ಬಂದರೂ ಅಗೆಯುವ ತಾಳ್ಮೆ ಯಾರಿಗಿದೆ? ಒಂದರ ಮೇಲೊಂದು ದೋಸೆ ಹುಯ್ದ ಹಾಗೆ ಹುಯ್ಯುತ್ತಾ ಹೋದರು. ರಸ್ತೆ ಮೇಲಕ್ಕೆ ಬರುತ್ತಾ ಹೋಯಿತು.

ನಮ್ಮ ಮನೆ ಎತ್ತರದ ಜಗಲಿಯದು. ಹತ್ತಿ ಬರಲು ಸಾಕಷ್ಟು ಮೆಟ್ಟಿಲಿದ್ದವು. ರಸ್ತೆ ಏರಿದ ಹಾಗೆ ಒಂದೊಂದೇ ಮುಚ್ಚಿಹೋದವು. ಮಂಡಿ ನೋವಿನ ಅಮ್ಮ, “ಒಳ್ಳೇದೇ ಆಯ್ತು, ಹತ್ತೋ ಕಷ್ಟ ತಪ್ತು,” ಅಂದಳು. ಅಜ್ಜಿ ಮನೆ ತಗ್ಗಿನದು. ಮೊದಲು ಅವಳೂ ಒಂದು ಮೆಟ್ಟಿಲು ಹತ್ತಿ ಮನೆಯೊಳಗೆ ಹೋಗುತ್ತಿದ್ದಳು. ಆಮೇಲೆ ರಸ್ತೆಯೂ ಹೊಸ್ತಿಲೂ ಸಮ ಆದವು. ಆಮೇಲೆ ಅವಳು ರಸ್ತೆಯಿಂದ ಮನೆಯೊಳಕ್ಕೆ ಇಳಿಯಬೇಕಾಯಿತು. ಪ್ರತಿ ಸಲವೂ ಆ ಕೆಲಸಕ್ಕೆ ಕಾಯಿ ಒಡೆದವಳು ಅವಳೇ. ಬೀದಿಯ ಈಶಾನ್ಯ ಮೂಲೆ ಅವಳ ಮನೆ ಮುಂದೆಯೇ ಬರುತ್ತಿತ್ತು. ಅಲ್ಲೇ ಪೂಜೆ, ಅಲ್ಲೇ ಅವಳು ಸಾರಿಸಿ ರಂಗೋಲಿ ಬಿಟ್ಟಿದ್ದು.

ಕೊನೆಯ ಕಾಂಕ್ರೀಟಿನ ಪೂಜೆಯ ದಿನ ನಾನು ಬಾಣಂತನಕ್ಕೆ ಬಂದು ತವರಲ್ಲಿದ್ದೆ. ಮಗುವನ್ನು ಎತ್ತಿಕೊಂಡು ಜಗಲಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಶಾಮಿಯಾನ ಹಾಕಿದ್ದರು. ಗುದ್ದಲಿಗೆ ಅರಿಶಿನ ಕುಂಕುಮ ಬಳಿದಿದ್ದರು. ಶಾಸಕರು ಬಂದು ಕೂತಿದ್ದರು. ಅಪ್ಪ ಇಸ್ತ್ರಿ ಬಟ್ಟೆಯಲ್ಲಿ ಓಡಾಡುತ್ತಿದ್ದ. ಅಜ್ಜಿಯ ಕೈಗೆ ಕಾಯಿ ಕೊಟ್ಟರು. ಅಜ್ಜಿ ಒಡೆಯಲಿಲ್ಲ. ಅಪ್ಪನನ್ನು ಹತ್ತಿರ ಕರೆದಳು.

“ಈ ಸಲ ಹಳೇದನ್ನ ಕಿತ್ತಾಕ್ಸಿ ಮಾಡ್ಸಪ್ಪ. ಇಲ್ಲಾಂದ್ರೆ ನಮ್ಮನೆ ಕಡೀಕೆ ಒಂದು ಚರಂಡಿನಾದ್ರೂ ಹಾಕ್ಸು. ನೀರೆಲ್ಲ ಒಳೀಕೆ ಬತ್ತೈತೆ.”

“ಆಗ್ಲಿ ಕಣಜ್ಜಿ, ಮಾಡ್ಸನ. ಮೊದ್ಲು ನೀನು ಕಾಯಿ ಒಡೆದ್ಬುಡು, ಸಾಹೇಬ್ರು ಮಧುಗಿರಿಗೆ ಹೋಗ್ಬೇಕಂತೆ,” ಅಂದ ಅಪ್ಪ.

ನಮ್ಮಪ್ಪನ ಆ ದನಿ ನನಗೆ ಗೊತ್ತು. ನಾನು ಜಾತ್ರೆ, ಬಳೆ ಅಂತ ಹಟ ಹಿಡಿದಾಗಲೂ ಹಾಗೇ ಅನ್ನುತ್ತಿದ್ದ, ಆಗ್ಲಿ ಮಾಡ್ಸನ ಅಂತ. ಅಜ್ಜಿಗೂ ಗೊತ್ತಿತ್ತು. ಕಾಯಿ ಹಿಡಿದುಕೊಂಡೇ ನಿಂತಳು. ಒಮ್ಮೆ ತನ್ನ ಬಾಗಿಲು ನೋಡಿದಳು. ಹಿಂದೆ ಯಾರೋ ಹೆಂಗಸು, “ಯಾಕಂತೆ, ಅಪಶಕುನ ಆಗಲ್ವಾ?” ಅಂದಿದ್ದು ನನಗೆ ಜಗಲಿಯ ಮೇಲಕ್ಕೇ ಕೇಳಿಸಿತು. ಅವಳಿಗೆ ಕೇಳಿಸದೇ ಇರುತ್ತದೆಯೇ? ಅಜ್ಜಿ ಕೈಯೆತ್ತಿ ಒಡೆದಳು. ಸಮನಾಗಿ ಎರಡು ಹೋಳು. ಕಾಯೊಳಗೆ ಹೂವು ಬೇರೆ! ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಕಾಯಿಯ ಚೂರನ್ನು ಬೆಲ್ಲದ ಜೊತೆ ಬಾಣಂತಿಗೆ ಅಂತ ನನಗೂ ತಂದುಕೊಟ್ಟರು.

ಸಂಜೆ ಅಜ್ಜಿ ಮಗು ನೋಡಲು ಬಂದಾಗ ತಡೆಯಲಾರದೆ ಕೇಳಿದೆ, “ಒಡಿಯಲ್ಲ ಅನ್ಬೇಕಾಗಿತ್ತು ಕಣಜ್ಜಿ. ಚರಂಡಿ ಹಾಕ್ಸಿ ಆಮೇಲೆ ಕರೀರಿ ಅನ್ಬೇಕಾಗಿತ್ತು.”

ಅವಳು ಮಗುವಿನ ಪಾದ ಹಿಡಿದುಕೊಂಡು ಕೂತಿದ್ದಳು. “ಒಡಿಯಲ್ಲ ಅಂದಿದ್ರೆ ಮುಂಡೆ ಅಡ್ಡಗಾಲಾಕಿದ್ಳು ಅಂತಿದ್ರು ಕಣಮ್ಮ. ಈ ಕೈಗೆ ಒಂದು ಕಾಯಿ ಕೊಡಾಕೆ ಈ ಊರು ಎಷ್ಟು ವರ್ಸ ತಗಂತು, ನಿಂಗೇನು ಗೊತ್ತು? ಒಂದು ದಿನ ಬ್ಯಾಡ ಅಂದ್ರೆ ತಿರ್ಗಾ ಕೊಡ್ತಾರಾ?” ಅಂದಳು. ಅಪ್ಪ ಒಳಗೆ ಊಟ ಮಾಡುತ್ತಿದ್ದ. ಅವನಿಗೂ ಕೇಳಿಸಿರಬೇಕು.

ಹಳೆಯದನ್ನು ಕೀಳಲಿಲ್ಲ. ಚರಂಡಿಯೂ ಬರಲಿಲ್ಲ. ಮುಂದಿನ ಬಿಲ್ಲಿಗೆ ಸೇರಿಸೋಣ ಅಂತ ಕಂಟ್ರಾಕ್ಟರು ಅಂದನಂತೆ, ಅಪ್ಪ ಹೂಂ ಅಂದನಂತೆ. ಅವನು ದುಡ್ಡು ತಿಂದವನಲ್ಲ. ದುಡ್ಡು ತಿಂದಿದ್ದರೆ ಕೆಟ್ಟವನು ಅಂತ ಬೈದುಕೊಂಡು ನಾನಾದರೂ ಹಗುರಾಗುತ್ತಿದ್ದೆ. ರಸ್ತೆ ಆಗಿಬಿಟ್ಟರೆ ಸಾಕು ಅನ್ನುವ ಅವಸರ ಅವನಿಗೆ. ಊರೆಲ್ಲ ಮೆಚ್ಚಿದ ರಸ್ತೆ ಒಂದು ಬಾಗಿಲಿಗೆ ಕೆಟ್ಟದಾದರೆ ಅದನ್ನು ಲೆಕ್ಕಕ್ಕೆ ಹಿಡಿಯುವವರು ಯಾರು?

ಆ ವರ್ಷ ಉತ್ತರೆ ಮಳೆ ಹುಯ್ದಾಗ ಬೀದಿಯ ನೀರೆಲ್ಲ ಅಜ್ಜಿಯ ಮನೆಗೆ ನುಗ್ಗಿತು. ರಾಗಿ ಮೂಟೆ ನೆಂದು ಮೊಳಕೆ ಬಂತು. ಸೀರೆ ಎತ್ತಿ ಕಟ್ಟಿಕೊಂಡು ಬಕೆಟ್ಟಿನಲ್ಲಿ ನೀರು ಎತ್ತಿ ಎತ್ತಿ ರಸ್ತೆಗೆ ಚೆಲ್ಲುತ್ತಿದ್ದಳಂತೆ. “ನಲ್ಲಿ ನೀರು ಬೇಕಂದ್ರೆ ನೀರು ಬಿಡೋ ನೀರುಗಂಟಿ ಕಾಲು ಹಿಡೀಬೇಕು. ಕೊಚ್ಚೆ ನೀರು ನೋಡು, ಕರೀದೇನೇ ಮನೆಗೆ ಬತ್ತೈತೆ!” ಅಂತ ಬೀದಿಗೆಲ್ಲ ಕೇಳುವ ಹಾಗೆ ಅಂದಳಂತೆ. ಎಲ್ಲರೂ ನಕ್ಕರಂತೆ. ಫೋನಿನಲ್ಲಿ ಇದನ್ನು ಹೇಳುತ್ತಾ ಅಮ್ಮನೂ ನಕ್ಕಳು. ನಾನೂ ನಕ್ಕೆ. ಥೂ, ಅದೇನು ನಗುವೋ!

ಆಮೇಲೆ ಅಜ್ಜಿ ಮುಂಬಾಗಿಲಿಗೆ ಮಣ್ಣಿನ ಕಟ್ಟೆ ಹಾಕಿ, ಹಿತ್ತಲ ಕಡೆಯಿಂದ ಓಡಾಡತೊಡಗಿದಳು. ಆದರೂ ಬೆಳಿಗ್ಗೆ ಎದ್ದು ಒಳಗಿನಿಂದಲೇ ಬಗ್ಗಿ ಹೊಸ್ತಿಲಿಗೆ ಅರಿಶಿನ ಹಚ್ಚುತ್ತಿದ್ದಳು. ನಾನು ಊರಿಗೆ ಹೋದಾಗ ರಸ್ತೆಯ ಮೇಲೆ ನಿಂತು ಮಾತಾಡಿಸುತ್ತಿದ್ದೆ. ಅವಳು ಒಳಗೆ ನಿಂತು ಕತ್ತೆತ್ತಿ ಮಾತಾಡುತ್ತಿದ್ದಳು. ಹಿರಿಯಳನ್ನು ಕೆಳಗೆ ನಿಲ್ಲಿಸಿ ಮೇಲಿನಿಂದ ಮಾತಾಡುವುದು... ನನಗೆ ಕೂತುಬಿಡೋಣ ಅನ್ನಿಸುತ್ತಿತ್ತು. ಕೂತರೆ ಸೀರೆ ಮಣ್ಣಾಗುತ್ತೆ ಅಂತ ಅವಳೇ ಬೈಯುತ್ತಿದ್ದಳು. ಅದಾದ ಮೇಲೂ ಊರಿನ ಯಾವ ಗುದ್ದಲಿಪೂಜೆಯನ್ನೂ ಅವಳು ತಪ್ಪಿಸಲಿಲ್ಲ.

ಅವಳು ಹೋದ ಸುದ್ದಿ ಬಂದಾಗ ಸಿಕ್ಕಿದ ಬಸ್ಸು ಹತ್ತಿ ಬಂದೆ. ಪಾವಗಡ ಕಡೆಯಿಂದ ಅವಳ ತಮ್ಮನ ಮಗ ಬಂದಿದ್ದ. ಹೆಣ ಹೊರಗೆ ತರುವ ಹೊತ್ತಿಗೆ ಎಲ್ಲರೂ ಆ ಮುಂಬಾಗಿಲು ನೋಡುತ್ತಾ ನಿಂತರು. ರಸ್ತೆ ಹೊಸ್ತಿಲಿಗಿಂತ ಮೊಣಕಾಲಿನಷ್ಟು ಮೇಲಿತ್ತು. ಬಾಗಿಲು ಮೊದಲೇ ಗಿಡ್ಡ. ಹಿತ್ತಲ ಕಡೆಯಿಂದ ತಗೊಂಡರೆ ಸಲೀಸು ಅಂತ ಯಾರೋ ಅಂದರು. ತಮ್ಮನ ಮಗನಿಗೆ ಕಣ್ಣು ಕೆಂಪಾಯಿತು. “ಹಿತ್ಲು ಬಾಗ್ಲಾಗೆ ತಗಂಡೋಗಾಕೆ ನಮ್ಮತ್ತೆ ಏನು ಕದ್ದೋಳಾ?” ಅಂದ. ಮಣ್ಣಿನ ಕಟ್ಟೆ ಒಡೆದರು. ನಾಲ್ಕು ಜನ ಒಳಗಿನಿಂದ ಬಗ್ಗಿಕೊಂಡು ಹಿಡಿದರು, ರಸ್ತೆಯ ಮೇಲೆ ನಿಂತವರು ಮೊಣಕಾಲೂರಿ ಕೈ ಚಾಚಿದರು. “ಮೆಲ್ಲಗಾ, ಮೆಲ್ಲಗಾ ಎತ್ತಂಡಿ,” ಅಂತ ತಮ್ಮನ ಮಗ ಅಳುತ್ತಾ ತನ್ನ ಮನೆಮಾತು ತೆಲುಗಿನಲ್ಲಿ ಹೇಳುತ್ತಲೇ ಇದ್ದ. ಎಲ್ಲರ ಮನೆಯಲ್ಲೂ ಹೆಣವನ್ನು ಮನೆಯಿಂದ ಬೀದಿಗೆ ಇಳಿಸುತ್ತಾರೆ. ನಾವು ಅಜ್ಜಿಯನ್ನು ಬಾವಿಯಿಂದ ಎತ್ತುವ ಹಾಗೆ ಎತ್ತಿದೆವು. ಮೇಲೆ ಮೊಣಕಾಲೂರಿದವರಲ್ಲಿ ಅಪ್ಪನೂ ಇದ್ದ. ತಲೆಯ ಕಡೆ ಹಿಡಿದುಕೊಂಡವನು ಅವನೇ. ಎತ್ತುವಾಗ ಅವಳ ಒಂದು ಕೈ ಜಾರಿ ಕಾಂಕ್ರೀಟಿಗೆ ತಾಗಿತು. ಅಪ್ಪ ಅದನ್ನು ತೆಗೆದು ಅವಳ ಎದೆಯ ಮೇಲಿಟ್ಟ. ನಾಚಿಕೆಯಿಂದ ನಾನು ಆ ಕಡೆ ನೋಡಲಾರದೆ ಹೋದೆ. ಅಪ್ಪನನ್ನೂ ನೋಡಲಿಲ್ಲ.

ನೆಂದ ಗೋಡೆ ಎಷ್ಟು ದಿನ ನಿಂತೀತು? ಮುಂದಿನ ಮಳೆಗಾಲಕ್ಕೆ ಮನೆ ಕುಸಿಯಿತು. ಮಣ್ಣು ಎತ್ತಿಸಿ ಸೈಟು ಖಾಲಿ ಮಾಡಿದರು. ಅಪ್ಪ ಮತ್ತೆ ಎಲೆಕ್ಷನ್‌ಗೆ ನಿಲ್ಲಲಿಲ್ಲ. ವಯಸ್ಸಾಯ್ತು ಅಂದ.

ಕಾಂಕ್ರೀಟಿನ ವಾಸನೆ ತಲೆಯಿಂದ ಹೋಗದೆ ಈ ಭಾನುವಾರ ಊರಿಗೆ ಹೋಗಿಬಂದೆ. ನಮ್ಮ ಬೀದಿಗೆ ಈಗ ಚರಂಡಿ ಬಂದಿದೆ, ಅಜ್ಜಿಯ ಕಡೆಗೇ. ಕೆಲಸ ಮುಗಿದಿದೆ, ಬೋರ್ಡೂ ನೆಟ್ಟಿದ್ದಾರೆ. ಅಜ್ಜಿಯ ಮನೆ ಇದ್ದಾಗಲೇ ಬರೆದ ಹಳೆಯ ಎಸ್ಟಿಮೇಟಂತೆ, ಅದರ ಪ್ರಕಾರ ಮನೆಗೊಂದರಂತೆ ಚರಂಡಿ ದಾಟಲು ಚಪ್ಪಡಿ ಹಾಕಿದ್ದಾರೆ. ಖಾಲಿ ಸೈಟಿನ ಮುಂದೆಯೂ ಒಂದು ಚಪ್ಪಡಿ ಹಾಕಿದ್ದಾರೆ, ಸರಿಯಾಗಿ ಅವಳ ಬಾಗಿಲಿದ್ದ ಕಡೆ. ಅದನ್ನು ದಾಟಿದರೆ ಎಕ್ಕದ ಗಿಡ. ಬೇರೆ ಏನೂ ಇಲ್ಲ.

ಪಕ್ಕದ ಮನೆಯವನು ತನ್ನ ಕೊಟ್ಟಿಗೆಯ ಮುಂದೆ ಹಾಸಿಕೊಳ್ಳುತ್ತೇನೆ ಅಂತ ಆ ಚಪ್ಪಡಿ ಕೇಳಲು ಅಪ್ಪನ ಹತ್ತಿರ ಬಂದಿದ್ದ. ಸುಮ್ಮನೆ ಬಿದ್ದಿರುವ ಕಲ್ಲು, ಕೊಟ್ಟರೆ ಯಾರ ಗಂಟು ಹೋಗುತ್ತದೆ? ಅಪ್ಪ ಜಗಲಿಯ ಮೇಲೆ ಕೂತಿದ್ದವನು, “ಬ್ಯಾಡ. ಅದು ಅಲ್ಲೇ ಇರ್ಲಿ ಬುಡು,” ಅಂದ. ಯಾರಿಗೋಸ್ಕರ ಅಂತ ಪಕ್ಕದ ಮನೆಯವನು ಕೇಳಿದ. ಅಪ್ಪ ತಲೆ ಎತ್ತಲಿಲ್ಲ.