ಬದುಕಿದ್ದವರ ದಿಂಬು

ಬೇರೆಯವರ ಬಾಯಿಂದ ಕೇಳುವುದು ಬೇಡ, ನಾನೇ ಮೊದಲು ಹೇಳಿಬಿಡುತ್ತೇನೆ. ಸತ್ತ ಅಪ್ಪನ ದಿಂಬಿನ ಜೊತೆಗೆ ಬದುಕಿರುವ ಅಮ್ಮನ ದಿಂಬನ್ನೂ ಸುಟ್ಟು ಬಂದವನು ನಾನು.

ನಮ್ಮ ಕಡೆ ಸತ್ತವರ ಹಾಸಿಗೆ ಮನೆಯಲ್ಲಿ ಉಳಿಯಬಾರದು. ಮಣ್ಣು ಮಾಡಿ ಬಂದ ಮಾರನೆಯ ದಿನ ಊರಾಚೆ ಒಯ್ದು ಸುಡುತ್ತಾರೆ. ಆ ಕೆಲಸ ನನ್ನ ಪಾಲಿಗೆ ಬಂತು. ಹೇಳಿದವರು ಹುಲಿಕುಂಟೆಯಿಂದ ಬಂದಿದ್ದ ದೊಡ್ಡಪ್ಪ. ಅವರು ಏನು ಹೇಳಿದರೂ ಕೊನೆಗೊಮ್ಮೆ ಮೂಗಿನಿಂದ ಗಾಳಿ ಬಿಟ್ಟು, ತಮ್ಮ ಮಾತಿಗೆ ತಾವೇ ಹೂಂಗುಡುತ್ತಾರೆ.

"ಆ ಹಾಸ್ಗೆ ದಿಂಬು ತಗಂಡೋಗಿ ಸುಟ್ಬುಟ್ ಬಾರ್ಲಾ. ಹೂಂ."

ಕೋಣೆಗೆ ಹೋಗುವಾಗ ನಾನು ಆ ಹೂಂ ಅನ್ನೇ ಗಂಟಲೊಳಗೆ ಅಭ್ಯಾಸ ಮಾಡುತ್ತಿದ್ದೆ. ಬೇರೆಯವರ ದನಿ ಕದಿಯುವುದು ನನಗೆ ಚಿಕ್ಕಂದಿನಿಂದ ಬಂದ ಚಟ. ದನಿ ಸಿಕ್ಕಿತೆಂದರೆ ಮಾತು ಕಿವಿಗೆ ಬೀಳುವುದಿಲ್ಲ. ಎರಡೂ ದಿಂಬಿಗೆ ಅಮ್ಮ ಒಂದೇ ಹಳೆ ಸೀರೆ ಹರಿದು ಕವರು ಹೊಲಿದಿದ್ದಳು. ಎರಡನ್ನೂ ಹಾಸಿಗೆಯಲ್ಲಿ ಸುತ್ತಿ ಬೈಕಿಗೆ ಕಟ್ಟಿದೆ.

ಒತ್ತಿ ತುಂಬಿದ ಹತ್ತಿ ಧಗ್ಗನೆ ಉರಿಯುವುದಿಲ್ಲ. ಒಳಗೊಳಗೇ ಕಮರುತ್ತದೆ, ಹೊರಗೆ ಹೊಗೆ ಮಾತ್ರ. ನಿಂತು ನೋಡಿದೆ. ಅಳು ಬರಲಿಲ್ಲ. ಏನೂ ಬರಲಿಲ್ಲ. ಹೊಗೆಗೆ ಕಣ್ಣಲ್ಲಿ ನೀರಾಡಿತು. ನೋಡಿದವರು ಅತ್ತಿದ್ದಾನೆ ಅಂದುಕೊಳ್ಳಲಿ ಎಂದು ಅದನ್ನು ಒರೆಸದೆ ಮನೆಗೆ ಬಂದೆ.

ಸಂಜೆ ಅಮ್ಮ ಕೋಣೆಯಿಂದ ಕೇಳಿದಳು. "ನನ್ ದಿಂಬೆಲ್ಲೋ?"

ನಾನು ಬಾಗಿಲ ಹಿಂದಕ್ಕೆ ಸರಿದದ್ದು ನೋಡಿ ದೊಡ್ಡಪ್ಪನಿಗೆ ವಿಷಯ ತಿಳಿಯಿತು. "ಬದುಕಿರೋಳ ದಿಂಬೂ ಸುಟ್ಬುಟ್ ಬಂದ್ಯೇನ್ಲಾ? ನಿನ್ ಕೈಗೆ ಕೆಲ್ಸ ಕೊಟ್ನಲ್ಲ, ನನ್ ಬುದ್ದಿಗೆ." ಮೂಗಿನಿಂದ ಗಾಳಿ ಬಂತು. ಈ ಸಲ ಹೂಂ ಬರಲಿಲ್ಲ.

"ಹೋಗ್ಲಿ ಬುಡಿ ಭಾವ," ಅಂದಳು ಅಮ್ಮ. "ಅದೂ ಹಳೇದೇ."

ಅವತ್ತಿನಿಂದ ಅವಳು ಬಲಗೈಯನ್ನೇ ತಲೆಯಡಿಗೆ ಇಟ್ಟುಕೊಂಡು ಮಲಗತೊಡಗಿದಳು. ಬೆಳಿಗ್ಗೆ ಕೈಗೆ ಜೋಮು. ಮೊದಮೊದಲು ಕಾಫಿ ಕುದಿಯುವಷ್ಟರಲ್ಲಿ ಬಿಡುತ್ತಿತ್ತು. ಆಮೇಲೆ ಅವಳು ಕೆಲಸಕ್ಕೆ ಹೊರಡುವವರೆಗೂ ಬಿಡಲಿಲ್ಲ. ತೋವಿನಕೆರೆ ಪಕ್ಕದ ನಮ್ಮೂರ ಶಾಲೆಯಲ್ಲಿ ಅವಳು ಬಿಸಿಯೂಟ ಬೇಯಿಸುತ್ತಾಳೆ. ಒಂದು ದಿನ ಸೌಟು ಕೈಯಿಂದ ಜಾರಿ ಬಿಸಿ ಸಾಂಬಾರು ಜೊತೆಯವಳ ಕಾಲ ಮೇಲೆ ಚೆಲ್ಲಿತು. ಹೆಡ್ ಮೇಡಂ ಬೈಯಲಿಲ್ಲ. ಮೆತ್ತಗೆ, "ದಸರಾ ರಜೆ ಮುಗಿಯೋದ್ರೊಳಗೆ ಕೈ ಸರಿಮಾಡ್ಕೊಂಡು ಬನ್ನಿ. ಆಗ್ಲಿಲ್ಲ ಅಂದ್ರೆ ಬೇರೆಯವರನ್ನ ನೋಡ್ತೀವಿ," ಅಂದರು. ಬೈದಿದ್ದರೆ ಅಮ್ಮ ತಿರುಗಿ ಬೈದು ಹಗುರಾಗುತ್ತಿದ್ದಳು. ಅಪ್ಪ ಹೋದ ಮೇಲೆ ಅವಳು ನಾಲ್ಕು ಮಾತಾಡುತ್ತಿದ್ದದ್ದು ಆ ಅಡುಗೆಕೋಣೆಯಲ್ಲಿ ಮಾತ್ರ. ಮನೆಯಲ್ಲಿ ನಾವಿಬ್ಬರೂ ಊಟ ಮಾಡುತ್ತಿದ್ದೆವು, ಟಿವಿ ನೋಡುತ್ತಿದ್ದೆವು, ಅಷ್ಟೆ.

ಮಧುಗಿರಿಯ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಅಮ್ಮನ ಕೈ ಒತ್ತಿ, ಕತ್ತು ತಿರುಗಿಸಿ, ಬಹಳ ಹೊತ್ತು ವಿವರಿಸಿದರು. ಪ್ರತಿ ಮಾತಿಗೂ "ಅರ್ಥ ಆಯ್ತಾ?" ಅನ್ನುತ್ತಿದ್ದರು, ಆಯ್ತಾದ ಕೊನೆಗೆ ದನಿ ಜಾರುಬಂಡೆ ಹತ್ತಿದಂತೆ ಮೇಲೆ ಹೋಗುತ್ತಿತ್ತು. ನಾನು ಅದನ್ನು ಹಿಡಿದುಕೊಳ್ಳುವುದರಲ್ಲಿ ಮುಳುಗಿದ್ದೆ. ಮನೆಗೆ ಬಂದಾಗ ತಲೆಯಲ್ಲಿ ಉಳಿದಿದ್ದದ್ದು ಒಂದೇ: ಒಳ್ಳೆ ದಿಂಬು ತರಬೇಕು.

ಸುದ್ದಿ ತಿಳಿದು ಪಾವಗಡದಿಂದ ಚಿಕ್ಕಮ್ಮ ಬೂರುಗದ ಹತ್ತಿ ತುಂಬಿದ ದಿಂಬು ಹೊತ್ತು ತಂದಳು. ಅವಳದು ಅರ್ಧ ಕನ್ನಡ, ಅರ್ಧ ತೆಲುಗು. "ಇದಿ ಬೂರುಗ ದೂದಿ ಕಣಕ್ಕಾ. ತಲೆ ಇಕ್ಕಿದ್ರೆ ಸಾಕು, ಇಂಕ ಲೇಚೇದೇ ಲೇದು." ಇನ್ನು ಏಳುವ ಮಾತೇ ಇಲ್ಲ ಎಂದರ್ಥ. ಸಾವಾದ ಮನೆಯಲ್ಲಿ ಅಂದದ್ದು ನೆನಪಾಗಿ ನಾಲಿಗೆ ಕಚ್ಚಿಕೊಂಡಳು. ಅಮ್ಮ ನಕ್ಕಂತೆ ಮಾಡಿದಳು. ದಿಂಬು ತಲೆ ಇಟ್ಟೊಡನೆ ಹಪ್ಪಳವಾಯಿತು. ಅದರ ಕೆಳಗೆ ಮತ್ತೆ ಅದೇ ಬಲಗೈ ತೂರಿತು.

ಆಮೇಲೆ ಕೊರಟಗೆರೆ. ನಾನು ಮೊಬೈಲ್ ರಿಪೇರಿ ಮಾಡುವ ಅಂಗಡಿಯ ಎದುರಿಗೇ ದಿಂಬು ಮಾರುತ್ತಾರೆ. "ಹೋಟ್ಲು ಕ್ವಾಲಿಟಿ ಅಣ್ಣಾ, ಗುದ್ದಿ ನೋಡಿ," ಅಂದ ಅಂಗಡಿಯವನು. ಗುದ್ದಿದೆ, ಅದು ನನ್ನ ಮುಷ್ಟಿಯನ್ನು ಹಿಂದಕ್ಕೆ ಕೊಟ್ಟಿತು. ಅಮ್ಮ ಮಲಗಿ ಎದ್ದು, "ಇದು ತಲೆನ ಇಸ್ಕಣಲ್ಲ, ವಾಪಸ್ ಕಳಿಸ್ತೈತೆ," ಅಂದಳು.

ಮಧುಗಿರಿಯಿಂದ ಕತ್ತುನೋವಿನವರ ದಿಂಬು ತಂದೆ. ನಡುವೆ ತಲೆ ಕೂರಲು ತಗ್ಗು ಮಾಡಿರುತ್ತಾರಲ್ಲ, ಅದು. ಅಮ್ಮ ಅದನ್ನು ತೊಡೆಯ ಮೇಲಿಟ್ಟುಕೊಂಡು ತಗ್ಗಿನ ಮೇಲೆ ಕೈಯಾಡಿಸಿದಳು. "ಯಾರೋ ಆಗ್ಲೇ ಮಲ್ಗಿ ಎದ್ದೋಗವ್ರೆ ಇದ್ರಾಗೆ," ಅಂದು ರಾಗಿ ಚೀಲದ ಮೇಲೆ ಬೋರಲು ಹಾಕಿದಳು. ಮನೆಯ ಬೆಕ್ಕಿಗೆ ಮಾತ್ರ ಮೂರೂ ದಿಂಬು ಒಗ್ಗಿದವು.

ಒಂದು ಮಧ್ಯಾಹ್ನ ಅಂಗಡಿಗೆ ಬಂದ ಗಿರಾಕಿಯೊಬ್ಬ ಅದೇ ಡಾಕ್ಟರಿಗೆ ಬೆನ್ನು ತೋರಿಸಿಕೊಂಡು ಬಂದಿದ್ದ. ಇನ್ನು ಕೇಳಬೇಕೆ, ನಾನು ಸ್ಟೂಲಿನ ಮೇಲೆ ಕೂತು ಡಾಕ್ಟರಾದೆ. ದನಿಯ ಹಿಂದೆ ಮಾತುಗಳೂ ಇದ್ದಕ್ಕಿದ್ದಂತೆ ಸಾಲಾಗಿ ಹೊರಬಂದವು.

"ಮಗ್ಗುಲಾಗಿ ಮಲಗೋರಿಗೆ ಕತ್ತಿಗೂ ಹಾಸಿಗೆಗೂ ನಡುವೆ ಜಾಗ ಉಳಿಯುತ್ತೆ. ಅರ್ಥ ಆಯ್ತಾ? ಕಿವಿಯಿಂದ ಭುಜದ ತುದಿಗೆ ಎಷ್ಟಿದೆಯೋ ಅಷ್ಟು ಎತ್ತರಕ್ಕೆ ದಿಂಬು ನಿಲ್ಲಬೇಕು. ಚಪ್ಪಟೆ ಆದ್ರೆ ಕೈನೇ ತೂರಿಸ್ತಾರೆ, ನರ ಒತ್ತುತ್ತೆ. ಅರ್ಥ ಆಯ್ತಾ?"

ಗಿರಾಕಿ ಮೇಜು ಬಡಿದು ನಗುತ್ತಿದ್ದ. ನನಗೆ ಆಗ ಅರ್ಥವಾಯಿತು. ಡಾಕ್ಟರು ಹೇಳಿದ್ದನ್ನು ನಾನು ಮೊದಲ ಬಾರಿಗೆ ಕೇಳಿದ್ದು ನನ್ನ ಬಾಯಿಂದಲೇ.

ಮನೆಗೆ ಹೋದಾಗ ಅಮ್ಮ ಎಡಗೈಯಲ್ಲಿ ನೆಲಕ್ಕೊತ್ತಿ ಕಡಲೆಕಾಯಿ ಸುಲಿಯುತ್ತಿದ್ದಳು. ಅವಳ ಕಿವಿಯಿಂದ ಭುಜದವರೆಗೆ ದಾರ ಹಿಡಿದೆ.

"ಏನ್ಲಾ, ಗುಂಡಿ ತೋಡ್ಸಕ್ಕೆ ಅಳತೆಯಾ?"

"ಇಲ್ಲ ಕಣಮ್ಮ, ದಿಂಬಿಗೆ."

"ಅದ್ನೂ ಸುಡಕ್ಕಾ?"

ಶನಿವಾರ ದಾರ ಜೇಬಿಗಿಟ್ಟುಕೊಂಡು ಶಿರಾ ಬಸ್ಸು ಹತ್ತಿದೆ. ಅಲ್ಲಿ ಹತ್ತಿ ಹಿಂಜಿ ದಿಂಬು ತುಂಬಿಕೊಡುವ ಮುದುಕರೊಬ್ಬರಿದ್ದಾರೆ. "ಅಮ್ಮೀಜಾನ್‌ಗಾ? ಸಖ್ತ್ ಬೇಕಾ, ನರಮ್ ಬೇಕಾ?" ಎಂದು ಕೇಳಿದರು. ಗಟ್ಟಿಯೋ ಮೆತ್ತಗೋ ಯಾವುದಾದರೂ ಸರಿ, ಒತ್ತಿದರೂ ಎತ್ತರ ನಿಲ್ಲಬೇಕು ಅಂದೆ. ಅವರು ದಾರವನ್ನು ಪಕ್ಕದಲ್ಲಿ ಚಾಚಿಟ್ಟುಕೊಂಡು ತುಂಬಿದರು, ಒತ್ತಿದರು, ಮತ್ತೆ ತುಂಬಿದರು. ಬರುವಾಗ ಬಸ್ಸಿನಲ್ಲಿ ದಿಂಬನ್ನು ಮಡಿಲಲ್ಲಿಟ್ಟುಕೊಂಡಿದ್ದೆ. ಪಕ್ಕದವರು ಮಗುವಿಗೆ ಜಾಗ ಬಿಟ್ಟಂತೆ ಸರಿದು ಕೂತರು.

ಮಾರನೆಯ ದಿನ ರಜೆಯ ಕೊನೆಯ ಭಾನುವಾರ. ಊಟವಾದ ಮೇಲೆ ಅಮ್ಮ ನಡುಮನೆಯಲ್ಲಿ ಚಾಪೆ ಹಾಕಿ ಮಲಗಿದ್ದಳು, ಕೈ ತಲೆಯಡಿಗೆ. ದಿಂಬನ್ನು ಪಕ್ಕದಲ್ಲಿಟ್ಟೆ. ಅವಳು ಕಣ್ಣು ತೆರೆಯಲಿಲ್ಲ.

"ಬ್ಯಾಡ ಕಣ್ಲಾ. ಇಂಗೇ ಅಭ್ಯಾಸ ಆಗೈತೆ."

"ನಾಳೆ ಇಸ್ಕೂಲು."

"ಗೊತ್ತು."

"ಅಳತೆ ಕೊಟ್ಟು ಮಾಡ್ಸಿರೋದು."

"ಗೊತ್ತು ಬುಡು."

ಅಪ್ಪನ ತಿಥಿಯ ದಿನ ನೆಂಟರ ಹುಡುಗರು ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ, "ನಿಮ್ಮಪ್ಪನ ದನಿ ಒಂದ್ಸಲ ಮಾಡ್ಲಾ," ಅಂದಿದ್ದರು. ಗಂಟಲು ನೋವು ಅಂದಿದ್ದೆ. ಆ ದನಿಯೊಂದನ್ನು ಮುಟ್ಟಿರಲಿಲ್ಲ. ಈಗ ಬೇರೆ ಯಾವ ಉಪಾಯವೂ ಕಾಣಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದ ಹಾಗೆ ಕೆಮ್ಮಿದೆ, ಒಂದು ಗಟ್ಟಿಯಾಗಿ, ಒಂದು ಸಣ್ಣಗೆ.

"ಲೇ ಇವಳೇ, ನಿದ್ದೆ ಬತ್ತೈತೇನೇ? ಆ ದಿಂಬು ಇಕ್ಕಳ್ಳೇ ಸುಮ್ನೆ."

ಬೆಕ್ಕು ತಲೆ ಎತ್ತಿ ಬಾಗಿಲ ಕಡೆ ನೋಡಿತು. ನನಗೆ ಎದೆಯಲ್ಲಿ ಏನಾದರೂ ಆಗಬೇಕಿತ್ತು. ಕೆಮ್ಮು ಸರಿಯಾಗಿ ಬಂತಾ ಎಂದಷ್ಟೇ ಯೋಚಿಸುತ್ತಿದ್ದೆ.

ಅಮ್ಮ ಕಣ್ಣು ಬಿಟ್ಟಳು. ತಲೆಯಡಿಯಿಂದ ಕೈ ಎಳೆದುಕೊಂಡು ಎದ್ದು ಕೂತಳು. ಜೋಮು ಹಿಡಿದ ಬೆರಳುಗಳನ್ನು ಇನ್ನೊಂದು ಕೈಯಲ್ಲಿ ಒಂದೊಂದಾಗಿ ನೀವಿಕೊಂಡು, ನನ್ನ ಮುಖ ನೋಡಿ ಅಂದಳು:

"ನಿಮ್ಮಪ್ಪ ಇರಗಂಟ ಒಂದಿನಾನೂ ನಿದ್ದೆ ಬತ್ತೈತಾ ಅಂತ ನನ್ನ ಕೇಳ್ದೋರಲ್ಲ. ಕೇಳ್ತಿರೋನು ನೀನು. ನಿನ್ ಗಂಟ್ಲಾಗೇ ಕೇಳು, ಮಲಿಕ್ಕಂತೀನಿ."