ಕಬ್ಬಿಣದ ಶೂ ಒಳಗೆ ಬಂದ ದಿನ

ಸಿದ್ದೀಕಾ ಟೀಚರಿಗೆ ಎರಡು ವಿಷಯದಲ್ಲಿ ವಿಪರೀತ ಜಂಬ. ಬಣಕಲ್ ಹತ್ತಿರದ ತನ್ನ ಅಂಗನವಾಡಿಯ ನೆಲ ಫಳಫಳ ಹೊಳೆಯುತ್ತದೆ ಎನ್ನುವುದು ಒಂದು; ಹತ್ತೊಂಬತ್ತು ವರ್ಷದಲ್ಲಿ ಒಂದು ಮಗುವನ್ನೂ ಬೇಡವೆಂದು ವಾಪಸ್ ಕಳಿಸಿಲ್ಲ ಎನ್ನುವುದು ಇನ್ನೊಂದು. ಮಕ್ಕಳು ಊಟ ಮಾಡುವ ಜಾಗಕ್ಕೆ ಚಪ್ಪಲಿ ಬರುವುದುಂಟೇ? ಸೂಪರ್‌ವೈಸರ್ ಬಂದರೂ ಜಗಲಿಯಲ್ಲೇ ಬಿಚ್ಚಬೇಕು.

ಎಸ್ಟೇಟಿನ ಕೂಲಿ ಲೈನಿನ ಮನೆಯ ಯಲ್ಲಮ್ಮ ಮಗಳು ನಾಗಶ್ರೀಯನ್ನು ಕರೆತಂದಾಗ ಮಗುವಿನ ಬಲವಿಲ್ಲದ ಕಾಲಲ್ಲಿ ಮಂಡಿಯವರೆಗೆ ಕಬ್ಬಿಣದ ಪಟ್ಟಿಯಿದ್ದ ಶೂಗಳಿದ್ದವು. ಸಿದ್ದೀಕಾ ಅವನ್ನು ಮೆತ್ತಗೆ ಬಿಚ್ಚಿ ಜಗಲಿಯಲ್ಲಿಟ್ಟು, ಮಗುವನ್ನು ಎತ್ತಿಕೊಂಡು ಹೋಗಿ ಕಿಟಕಿಯ ಪಕ್ಕ ಕೂರಿಸಿದಳು. ದಿನವೂ ಹಾಗೆಯೇ. ಮೊಟ್ಟೆ ಸುಲಿದು ಮೊದಲು ಅವಳಿಗೇ ಕೊಡುತ್ತಿದ್ದಳು. ಪಾಪ, ಎಷ್ಟು ಸಾಧು ಮಗು, ತುಟಿಪಿಟಿಕ್ಕೆನ್ನುವುದಿಲ್ಲ ಎಂದು ಊರಿಗೆಲ್ಲ ಹೊಗಳಿದ್ದೂ ಆಯಿತು.

ಒಂದು ತಿಂಗಳಾದ ಮೇಲೆ ಯಲ್ಲಮ್ಮ ಮಧ್ಯಾಹ್ನವೇ ಬಂದು ಬಾಗಿಲಲ್ಲಿ ನಿಂತಳು. ಮಕ್ಕಳೆಲ್ಲ ಕೈ ಕೈ ಹಿಡಿದು ಕುಣಿಯುತ್ತಿದ್ದರು, ನಾಗಶ್ರೀ ಕಿಟಕಿಯ ಪಕ್ಕದ ಮೂಲೆಯಲ್ಲಿ ಕೂತಿದ್ದಳು.

"ನಾಳೆಯಿಂದ ಇವಳನ್ನ ಕಳ್ಸಲ್ಲ ಟೀಚರ್," ಎಂದಳು ಯಲ್ಲಮ್ಮ. "ಲೈನಲ್ಲಿ ಆ ಶೂ ಹಾಕ್ಕೊಂಡು ಕೋಳಿ ಅಟ್ಟಿಸ್ಕೊಂಡು ಹೋಗ್ತಾಳೆ. ಇಲ್ಲಿ ನೀವು ಅವಳ ಕಾಲೇ ಬಿಚ್ಚಿ ಹೊರಗೆ ಇಡ್ತೀರಲ್ಲ!"

ಸಿದ್ದೀಕಾಗೆ ಕೆನ್ನೆಗೆ ಬಾರಿಸಿದಂತಾಯಿತು. ಅಯ್ಯೋ, ತಾನೆಂಥ ಪೆದ್ದಿ! ಯಾರನ್ನೂ ವಾಪಸ್ ಕಳಿಸಿಲ್ಲವೆಂದು ಬೀಗಿದ್ದೇ ಬಂತು. ಈ ಮಗುವನ್ನು ಒಳಗೆ ಕರೆದು ಕೂತಲ್ಲೇ ಕಟ್ಟಿಹಾಕಿದಂತೆ ಮಾಡಿದ್ದಳು. ನಾಚಿಕೆಯಿಂದ ಕಣ್ಣು ತುಂಬಿತು.

"ಎರಡೇ ದಿನ ಕೊಡಿ. ಆಮೇಲೂ ಬೇಡ ಅನ್ಸಿದ್ರೆ ನಾನು ತಡೆಯಲ್ಲ," ಎಂದಳು.

ಕಾಫಿ ತುಂಬುವ ಗೋಣಿಚೀಲ ತಂದು ಒಗೆದು, ಕತ್ತರಿಸಿ, ಕಾಲಿಗೆ ಹಾಕುವ ಚೀಲ ಹೊಲಿದಳು. ಶೂವಿನ ಮಣ್ಣು ನೆಲಕ್ಕಾಗದಂತೆ, ಶೂ ಮೇಲೆ ಹಿಡಿಸುವಷ್ಟು ದೊಡ್ಡದು ನಾಗಶ್ರೀಗೆ. ಅವಳೊಬ್ಬಳೇ ಬೇರೆಯಾಗಿ ಕಾಣದಿರಲೆಂದು ಉಳಿದ ಮಕ್ಕಳಿಗೆಲ್ಲ ಒಂದೊಂದು ಜೊತೆ, ತನಗೂ ಒಂದು. ಗ್ಯಾರೇಜು ಇಟ್ಟಿದ್ದ ತಮ್ಮ ಉಬೈದ್ ಗೋಡೆಯುದ್ದಕ್ಕೂ ಮಕ್ಕಳ ಎದೆಮಟ್ಟಕ್ಕೆ ಪೈಪು ಕೂರಿಸಿ, ಹೊಸ್ತಿಲಿಗೆ ಇಳಿಜಾರು ಹಲಗೆ ಹಾಕಿದ. ಕಪಾಟಿನ ಮೇಲಿದ್ದ ಆಟಿಕೆಗಳೆಲ್ಲ ಕೆಳಗಿಳಿದವು.

"ಊಟದ ಜಾಗಕ್ಕೆ ಶೂನಾ?" ಎಂದು ಸಹಾಯಕಿ ಗಿರಿಜಾಂಬಾ ಮೂಗು ಮುರಿದಳು.

"ಇನ್ನೊಂದು ಸಲ ಒರೆಸಿದ್ರಾಯ್ತು ಮಾರಾಯ್ತಿ, ನಾನೇ ಒರೆಸ್ತೀನಿ!" ಎಂದು ಸಿದ್ದೀಕಾ ಅವಳ ಬಾಯಿ ಮುಚ್ಚಿಸಿದಳು.

ಮೂರನೆಯ ದಿನ ನಾಗಶ್ರೀ ಶೂ ಮೇಲೆ ಗೋಣಿ ತೊಟ್ಟು, ಹಲಗೆ ಹತ್ತಿ, ಪೈಪು ಹಿಡಿದು ಸೀದಾ ನಡೆದಳು. ಹೋದವಳೇ ಆಡುತ್ತಿದ್ದ ಹುಡುಗ ಜಾಹಿದನ ಕೈಯಲ್ಲಿದ್ದ ಮರದ ಜೀಪು ಕಿತ್ತುಕೊಂಡಳು. ಅವನು ಗಂಟಲು ಹರಿಯುವಂತೆ ಅತ್ತ. "ನಂದು!" ಎಂದು ಇವಳು ಅವನಿಗಿಂತ ಜೋರಾಗಿ ಕಿರುಚಿದಳು. ಆ ಅಂಗನವಾಡಿಯಲ್ಲಿ ಅವಳು ಆಡಿದ ಮೊದಲ ಮಾತು ಅದು.

"ಏಯ್, ಕೊಡೇ ಅದನ್ನ!" ಬಾಗಿಲಿನಿಂದ ಯಲ್ಲಮ್ಮ ಗದರಿದಳು.

"ಸುಮ್ನಿರಿ ಯಲ್ಲಮ್ಮ, ಜಗಳ ಆಡ್ಲಿ ಬಿಡಿ!" ಸಿದ್ದೀಕಾ ಅಳುತ್ತ ನಗುತ್ತ ಅವಳ ಕೈ ಹಿಡಿದಳು. "ನೀವು ಹೊರಡಿ, ಎಸ್ಟೇಟಲ್ಲಿ ಮೇಸ್ತ್ರಿ ಕಾಯ್ತಿರ್ತಾರೆ."

ಯಲ್ಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಹೋಗಿಬರುತ್ತೇನೆಂದು ಮಗಳನ್ನು ಎರಡು ಸಲ ಕೂಗಿದಳು. ಜೀಪು ಓಡಿಸುತ್ತಿದ್ದ ಮಗಳಿಗೆ ತಿರುಗಿ ನೋಡಲೂ ಪುರುಸೊತ್ತಿರಲಿಲ್ಲ.